ಗಡಿಕಲ್ಲಿನ ಎರಡು ಚರಿತ್ರೆಗಳು

ವರದಾ ನದಿಯ ದಡದಲ್ಲಿ ದೇಸಾಯರ ಹೊಲಕ್ಕೂ, ಅಂಬಿಗರ ದುರ್ಗವ್ವ ಸೌತೆ ಬೆಳೆಯುವ ಮರಳುದಿಣ್ಣೆಗೂ ನಡುವೆ ಹಳೆಯದೊಂದು ಗಡಿಕಲ್ಲಿತ್ತು. ಆ ವರ್ಷ ನೆರೆ ಇಳಿಯುವಷ್ಟರಲ್ಲಿ ಅದು ದೇಸಾಯರ ಆಳುಗಳ ಹೆಗಲೇರಿ ನೀರಿನಂಚಿಗೆ ದಯಮಾಡಿಸಿತ್ತು.

ದಡದಲ್ಲಿ ಕೂಡಿದ ಪಂಚರ ಮುಂದೆ ತಮ್ಮಪ್ಪ ದೇಸಾಯರು ಮೀಸೆ ತೀಡುತ್ತ ಕಲ್ಲಿನ ಚರಿತ್ರೆಯನ್ನು ಬಿತ್ತರಿಸಿದರು. "ನಮ್ಮ ಮುತ್ತಜ್ಜನವರು ಇದನ್ನ ಇಲ್ಲೇ ನೆಟ್ಟಾರ. ಅಂದಿನಿಂದ ಅಳ್ಳಾಡಿಲ್ಲ. ದಿನ್ನಿ ನಮ್ಮದು!"

ದಿಣ್ಣೆ ಹೋದರೆ ದುರ್ಗವ್ವನ ಅನ್ನವೇ ಹೋದಂತೆ. ಆದರೂ ಅವಳು ಕೈಮುಗಿದಳು. "ಹೌದ್ರೀ ಧಣಿ. ಹಂಗಾದ್ರ ಹೊಳಿ ಅಲ್ಲಿ ತಂದು ಹಾಕಿದ್ದೂ ನಿಮ್ಮದ ಅಲ್ರೀ?"

ನೆರೆಯಲ್ಲಿ ತೇಲಿಬರುವ ಸಾಗುವಾನಿ ದಿಮ್ಮಿಗಳು ದೇಸಾಯರ ಕಣ್ಣ ಮುಂದೆ ಸುಳಿದವು. "ಮತ್ಯಾರದು? ಇನ್ನೊಬ್ರು ಮುಟ್ಟಿದ್ರ ಕೈ ಮುರಸ್ತೀನಿ!"

"ಪಂಚರು ಕೇಳಿದ್ರಲ್ಲ? ದಿನ್ನಿ ಆಚೀ ಮಗ್ಗಲಿಗೆ ಸತ್ತ ಕ್ವಾಣ ಬಿದ್ದೈತ್ರಿ, ಉಬ್ಬೈತಿ. ನಾ ಮುಟ್ಟಂಗಿಲ್ಲ. ನನಗ ಕೈ ಬೇಕು."

ಆಗಲೇ ಗಾಳಿ ತಿರುಗಿತು. ಪಂಚರು ಶಲ್ಯದಿಂದ ಮೂಗು ಮುಚ್ಚಿ ಊರಿನ ಪದ್ಧತಿಯನ್ನು ನೆನಪಿಸಿದರು: ಜಾನುವಾರು ಸತ್ತು ಬಿದ್ದರೆ ಆ ನೆಲದ ಒಡೆಯನೇ ಕೈಯಾರೆ ಹೂಳಬೇಕು.

ಮುತ್ತಜ್ಜನವರು ಕಲ್ಲನ್ನು ಮೇಲೆಯೇ ನೆಟ್ಟಿದ್ದರೆಂದೂ, ಈ ಸಲದ ನೆರೆಯೇ ಅದನ್ನು ಕೆಳಕ್ಕೆ ತಂದಿರಬೇಕೆಂದೂ ದೇಸಾಯರಿಗೆ ಅತ್ಯಂತ ಸ್ಪಷ್ಟವಾಗಿ ನೆನಪಾಯಿತು. ಆಳುಗಳು ಕಲ್ಲನ್ನು ಮತ್ತೆ ಹೊತ್ತರು.

ಅದು ಹಳೆಯ ಜಾಗದಲ್ಲಿ ಭದ್ರವಾಗಿ ನಿಂತ ಮೇಲೆ ದುರ್ಗವ್ವ ಮೂಗಿಗೆ ಸೆರಗು ಬಿಗಿದು ಗುಂಡಿ ತೋಡತೊಡಗಿದಳು.

"ಊರಾಗ ಸುಳ್ಳು ಹೇಳದ ಸಾಕ್ಷಿ ನೀನೊಬ್ನ ನೋಡಪಾ," ಎಂದಳು ಕೋಣಕ್ಕೆ. "ಮುಂದಿನ ವರ್ಷ ಸೌತಿಗೆ ಗೊಬ್ಬರಾನೂ ನೀನ."