ಅಗ್ಗದ ಆಟ

ಮೊಮ್ಮಗಳಿಗೆ ಮೈ ಕುಣಿಸಿ ಆಡುವ ವಿಡಿಯೋ ಗೇಮ್ ಕೊಡಿಸಲು ಸಾವ್ಕಾರರು ಮನಸ್ಸು ಮಾಡಿದರು.

"ಕೈಯಾಗ ರಿಮೋಟ್ ಹಿಡಿದು ಬೀಸೋದೋ, ಕ್ಯಾಮೆರಾ ಮುಂದ ಕುಣಿಯೋದೋ? ಖರೇ ಖರ್ಚು ಯಾವುದಕ್ಕ ಕಡಿಮಿ, ಇವತ್ತ ಹೇಳು. ಇಲ್ಲಂದ್ರ ಕೆಲಸ ಬಿಡು!" ಎಂದು ಮನೆಯಾಳಿಗೆ ಗುಡುಗಿದರು.

ಊಟ ಮುಗಿಸಿ ಮಲಗಲು ಬಂದರೆ ಪಡಸಾಲೆಯ ತೂಗುಮಣೆಯೇ ಇಲ್ಲ.

"ಕ್ಯಾಮೆರಾದ ಆಟಕ್ಕ ಖಾಲಿ ಜಾಗ ಬೇಕಂತ್ರೀ. ಅದಕ್ಕ ಬಿಚ್ಚಿ ಹೊರಗ ಇಟ್ಟೇನ್ರೀ," ಎಂದ ಆಳು.

"ಹಂಗಾದ್ರ ರಿಮೋಟಿಂದು?"

ಆಳು ಸೌಟು ಕೊಟ್ಟ. "ಇದನ್ನ ಜೋರ್ ಬೀಸ್ರೀ."

ಸಾವ್ಕಾರರು ಬೀಸಿದರು. ಸೌಟು ಕೈಜಾರಿ ಹಾರಿತು, ಟಿವಿ ಒಡೆಯಿತು.

ಅವರು ಬರಿನೆಲದ ಮೇಲೆ ಕುಸಿದರು. "ಎರಡೂ ಬ್ಯಾಡೋ ಮಾರಾಯಾ. ಪೋರಿ ಬಯಲಾಗ ಆಡ್ಲಿ. ಅದಕ್ಕೇನು ಖರ್ಚು?"

ಆಳು ಕಿಟಕಿ ತೆರೆದ. ಎದುರಿಗೆ ಬರೀ ಗೋಡೆ.

"ಅದೇ ಎಲ್ಲಾಕ್ಕಿಂತ ತುಟ್ಟಿ ರೀ. ಬಯಲಿದ್ದಲ್ಲೇ ನೀವು ಗೋದಾಮು ಕಟ್ಟೀರಲ್ಲಾ."