ಎದೆಯ ಮೇಲಿನ ಗೀರು

"ಬುದ್ಧಿ, ಒಬ್ಬ ಮನುಷ್ಯ ನಿಜ ಹೇಳ್ತಿದ್ದಾನೋ ಸುಳ್ಳು ಹೇಳ್ತಿದ್ದಾನೋ, ತಿಳಿಯೋದು ಹೇಗೆ?" ಎಂದು ರೇವಣ್ಣ ಗುರುಗಳನ್ನು ಕೇಳಿದ.

ಮಠದ ಪೂಜೆಯ ಬೆಳ್ಳಿ ಗಿಂಡಿ ಕಾಣೆಯಾಗಿತ್ತು. ಪೂಜೆಯ ಮನೆಯ ಬೀಗದ ಕೈ ಇದ್ದದ್ದು ಮರುಳಸಿದ್ಧನ ಬಳಿ. ಅವನೂ ರೇವಣ್ಣನೂ ಒಂದೇ ದಿನ ಮಠಕ್ಕೆ ಸೇರಿದವರು, ಒಂದೇ ಕೋಣೆಯಲ್ಲಿ ಮಲಗುವವರು. ಹಿಂದಿನ ದಿನ ಊಟದ ಮನೆಯಲ್ಲಿ ಎಲ್ಲರೂ ಮರುಳಸಿದ್ಧನನ್ನು ಸುತ್ತುವರಿದು ಕೇಳಿದ್ದರು. ತಾನು ತೆಗೆದಿಲ್ಲ ಎಂದು ಅವನು ಒಂದೇ ಸಲ ಹೇಳಿ ಸುಮ್ಮನಾಗಿದ್ದ. ಆ ಮೌನವೇ ರೇವಣ್ಣನನ್ನು ಗೊಂದಲಕ್ಕೆ ಕೆಡವಿತ್ತು. ತಪ್ಪಿಲ್ಲದವನು ಅಷ್ಟು ಸುಮ್ಮನಿರುತ್ತಾನೆಯೇ? ತಪ್ಪು ಮಾಡಿದವನಿಗಾದರೂ ಅಷ್ಟು ಸುಮ್ಮನಿರಲು ಆಗುತ್ತದೆಯೇ? ಮರುಳಸಿದ್ಧನನ್ನು ಇಟ್ಟುಕೊಳ್ಳುವುದೋ ಕಳಿಸಿಬಿಡುವುದೋ ಎಂದು ಸಂಜೆ ತೀರ್ಮಾನವಾಗಲಿತ್ತು. ಜೊತೆಯಲ್ಲಿ ಇದ್ದವನು ನೀನು, ನೀನೇ ಹೇಳು ಎಂದು ಹಿರಿಯರು ರೇವಣ್ಣನಿಗೆ ಹೇಳಿದ್ದರು.

ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಕತೆ ಹೇಳುತ್ತೇನೆ, ಇದರಲ್ಲಿ ರಾಜನೂ ಇಲ್ಲ, ನರಿಯೂ ಇಲ್ಲ, ಒಂದು ಪ್ಲಾಸ್ಟಿಕ್ ಗೊಂಬೆ ಇದೆ, ನಗಬೇಡ ಎಂದು ಶುರು ಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಸಂಗ್ರಾಹಕನಿದ್ದ. ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ, ಕೆಲವರು ಅಂಚೆಚೀಟಿ. ಇವನು ಸೂಪರ್ ಹೀರೋಗಳ ಆಕ್ಷನ್ ಫಿಗರ್ ಕೂಡಿಡುತ್ತಿದ್ದ. ಕೈಕಾಲು ಮಡಚಲು ಬರುವ, ಗೇಣುದ್ದದ ಗೊಂಬೆಗಳು. ಗೊಂಬೆ ಎಂದರೆ ಆ ಜನಕ್ಕೆ ಸಿಟ್ಟು ಬರುತ್ತದಂತೆ. ಇಲ್ಲಿ ಅವರು ಯಾರೂ ಇಲ್ಲವಲ್ಲ, ನಾನು ಗೊಂಬೆ ಎಂದೇ ಹೇಳುತ್ತೇನೆ.

ಆ ಜನರದೊಂದು ಕಟ್ಟಳೆಯಿದೆ. ಗೊಂಬೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವಂತಿಲ್ಲ. ತೆಗೆದರೆ ಅದರ ಮರ್ಯಾದೆ ಹೋಯಿತು. ಪೆಟ್ಟಿಗೆಯ ಮುಂದೆ ಪಾರದರ್ಶಕ ಹಾಳೆ ಇರುತ್ತದೆ, ಅದರೊಳಗಿಂದ ನೋಡಿ ಸಂತೋಷಪಡಬೇಕು. ನಮ್ಮ ಸಂಗ್ರಾಹಕ ಇನ್ನೂ ಒಂದು ಹೆಜ್ಜೆ ಮುಂದೆ. ಬೆಳಕು ತಾಗಿದರೆ ಬಣ್ಣ ಮಾಸೀತು ಎಂದು ಹೆದರಿ, ತನಗೆ ಎಲ್ಲಕ್ಕಿಂತ ಇಷ್ಟವಾದ ಗೊಂಬೆಯನ್ನು ತಂದ ದಿನವೇ ಪೆಟ್ಟಿಗೆ ಸಮೇತ ಕಪ್ಪು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಮತ್ತೆ ಬಿಚ್ಚಿ ನೋಡಲಿಲ್ಲ. ಅದು ಅವನ ಪ್ರೀತಿ.

ಆ ಗೊಂಬೆ ಒಂದು ವಿಡಿಯೋ ಗೇಮಿನ ವೀರನದು. ಕೆಂಪು ಕವಚ ತೊಟ್ಟ ಆ ವೀರ ಒಬ್ಬ ಜೊತೆಗಾರನನ್ನು ಕರೆದುಕೊಂಡು ಶತ್ರುಗಳ ಕೋಟೆ ದಾಟಬೇಕು, ಅದೇ ಆಟ. ಸಂಗ್ರಾಹಕನೂ ಅವನ ಗೆಳೆಯನೂ ಹಾಸ್ಟೆಲಿನಲ್ಲಿದ್ದಾಗ ಸರದಿಯ ಮೇಲೆ ಅದನ್ನು ಆಡಿದವರು. ಸಂಗ್ರಾಹಕನದೇ ಯಾವಾಗಲೂ ಮೇಲುಗೈ. ಗೆಳೆಯ ಪ್ರತಿ ಸಲವೂ ಕೋಟೆಯ ಕೊನೆಯ ಬಾಗಿಲಲ್ಲಿ ಅಂಕ ಕಳೆದುಕೊಳ್ಳುತ್ತಿದ್ದ. ಇವನು ಕೈಲಾಗದವನು ಎಂದು ಸಂಗ್ರಾಹಕ ನಗುತ್ತಿದ್ದ. ಗೆಳೆಯನೂ ಜೊತೆಗೆ ನಗುತ್ತಿದ್ದ.

ಎಷ್ಟೋ ವರ್ಷಗಳ ಮೇಲೆ ಸಂಗ್ರಾಹಕ ಮನೆ ಬದಲಾಯಿಸಬೇಕಾಯಿತು. ಸಾಮಾನು ಸಾಗಿಸುವವರ ಕೈಗೆ ಆ ಗೊಂಬೆ ಕೊಡಲು ಮನಸ್ಸು ಬರಲಿಲ್ಲ. ಗೆಳೆಯನ ಮನೆಯಲ್ಲಿ ಇಟ್ಟು, ಹೊಸ ಮನೆಯಲ್ಲಿ ಎಲ್ಲ ಹೊಂದಿಸಿಕೊಂಡ ಮೇಲೆ ವಾಪಸು ತಂದ. ತಂದವನಿಗೆ ಅದೇನು ಆಸೆಯಾಯಿತೋ, ಬಟ್ಟೆ ಬಿಚ್ಚಿ ನೋಡಿದ. ವೀರನ ಎದೆಯ ಎಡಭಾಗದಲ್ಲಿ ಓರೆಯಾಗಿ ಒಂದು ಗೀರು. ಅಲ್ಲಿ ಕೆಂಪು ಬಣ್ಣ ಹೋಗಿ ಬೂದು ಕಾಣುತ್ತಿತ್ತು.

ಕೊಂಡು ತಂದ ದಿನ ಈ ಗೀರು ಇತ್ತೇ? ಎಷ್ಟು ನೆನಪಿಸಿಕೊಂಡರೂ ಕಣ್ಣ ಮುಂದೆ ಬರುತ್ತಿದ್ದವನು ಆಟದ ವೀರ, ಪೆಟ್ಟಿಗೆಯೊಳಗಿನ ವೀರನಲ್ಲ. ಆಟದ ವೀರನ ಕವಚದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಪೆಟ್ಟಿಗೆಯ ಹಿಂದಿನ ಚಿತ್ರದಲ್ಲೂ ಇಲ್ಲ. ಪೆಟ್ಟಿಗೆಯ ಅಂಟು ಬಿಚ್ಚಿಲ್ಲ, ಬಿಚ್ಚದೆ ಒಳಗೆ ಗೀರು ಬೀಳುವುದಿಲ್ಲ. ಹಾಗಾದರೆ ಗೆಳೆಯ ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದೊಂದನ್ನು ಬದಲಿಗೆ ಕೊಟ್ಟಿರಬೇಕು. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಹೋಗಿ ಕೇಳಿಯೇಬಿಟ್ಟ.

"ಅದು ಇರೋದೇ ಹಾಗಲ್ವೇನೋ? ನಿನಗೆ ಗೊತ್ತಿಲ್ವಾ?" ಎಂದ ಗೆಳೆಯ.

"ಆ ಆಟದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ನಿಜ ಹೇಳು" ಎಂದ ಸಂಗ್ರಾಹಕ.

ಗೆಳೆಯನ ಮುಖ ಸಪ್ಪಗಾಯಿತು. ಯಾರಿಗೆ ಬೇಕಾದರೂ ತೋರಿಸು, ನಾನು ಇನ್ನೊಂದು ಸಲ ಹೇಳುವುದಿಲ್ಲ ಎಂದು ಒಳಗೆ ಹೋದ.

ಇಂತಹ ಗೊಂಬೆಗಳನ್ನು ನೋಡಿ ಅಸಲಿ ನಕಲಿ ಹೇಳುವ ಒಬ್ಬ ಪರೀಕ್ಷಕ ಅದೇ ಪಟ್ಟಣದಲ್ಲಿದ್ದ. ಅವನು ಆಗಾಗ ಮಠಕ್ಕೆ ಬರುತ್ತಾನೆ, ಇಲ್ಲದಿದ್ದರೆ ಈ ಸಂಗತಿಯೆಲ್ಲ ನನಗೆ ಎಲ್ಲಿಂದ ಗೊತ್ತಾಗಬೇಕು? ಸಂಗ್ರಾಹಕ ಪೆಟ್ಟಿಗೆಯನ್ನು ಅವನ ಮುಂದಿಟ್ಟ. ಬೆಲೆ ಹೇಳುವುದು ಬೇಡ, ಈ ಗೀರು ಕಂಪನಿಯವರು ಮಾಡಿದ್ದೋ ಅಲ್ಲವೋ ಅಷ್ಟು ಹೇಳಿ, ಅಲ್ಲ ಎಂದಾದರೆ ನನ್ನ ಹಳೆಯ ಗೆಳೆತನ ಇಲ್ಲಿಗೆ ಮುಗಿಯಿತು ಎಂದ. ಪರೀಕ್ಷಕ ಕಂಗಾಲಾದ. ಇಷ್ಟು ದಿನ ಅವನು ಗೊಂಬೆಗಳನ್ನಷ್ಟೇ ಪರೀಕ್ಷೆ ಮಾಡಿದ್ದ.

ಭೂತಕನ್ನಡಿ ಹಿಡಿದು ನೋಡಿದ. ಗೀರಿನ ಅಂಚು ಕುಂಚದಿಂದ ಎಳೆದಷ್ಟು ನೇರವಾಗಿತ್ತು. ಹಾಗಾದರೆ ಕಂಪನಿಯದು. ದೀಪವನ್ನು ಓರೆಯಾಗಿ ಹಿಡಿದು ನೋಡಿದ. ಗೀರಿನ ನಡುವೆ ತುಸು ತಗ್ಗು ಕಂಡಿತು. ಹಾಗಾದರೆ ಏನೋ ತಾಗಿ ಆದದ್ದು. ತನ್ನಂತೆಯೇ ಪರೀಕ್ಷೆ ಮಾಡುವ ಇನ್ನಿಬ್ಬರನ್ನು ಕೇಳಿದ. ಒಬ್ಬ ಇದು ನಕಲಿ ಎಂದ, ಇನ್ನೊಬ್ಬ ಅಸಲಿಯೇ, ಆದರೆ ಕೆಟ್ಟುಹೋದದ್ದು ಎಂದ. ಪರೀಕ್ಷಕನಿಗೆ ಬೆಳಿಗ್ಗೆ ಆ ಗೆಳೆಯ ಸಾಚಾ ಅನ್ನಿಸುತ್ತಿದ್ದ, ಊಟದ ಹೊತ್ತಿಗೆ ಕಳ್ಳ ಅನ್ನಿಸುತ್ತಿದ್ದ. ಆ ಮನುಷ್ಯನ ಮುಖವನ್ನೇ ಅವನು ಕಂಡಿರಲಿಲ್ಲ. ನೋಡು ರೇವಣ್ಣ, ಗೀರು ಇದ್ದಲ್ಲೇ ಇತ್ತು, ಗೆಳೆಯ ಮಾತ್ರ ಗಳಿಗೆಗೊಂದು ಬಣ್ಣವಾಗುತ್ತಿದ್ದ.

ಬೇರೆ ದಾರಿ ಕಾಣದೆ ಪರೀಕ್ಷಕ ಆ ಆಟವನ್ನೇ ತರಿಸಿ ಆಡಲು ಕುಳಿತ. ಗೊಂಬೆಗಳ ವಿಷಯ ಅರೆದು ಕುಡಿದವನಿಗೆ ಆಟ ಆಡಲು ಮಾತ್ರ ಬಾರದು. ಬಲಕ್ಕೆ ತಿರುಗಿಸಿದರೆ ವೀರ ಗೋಡೆಗೆ ಹಣೆ ಗುದ್ದಿಕೊಳ್ಳುತ್ತಿದ್ದ. ಹೇಗೋ ಏಳುತ್ತ ಬೀಳುತ್ತ ಕೊನೆಯ ಬಾಗಿಲು ಮುಟ್ಟಿದ. ಅಲ್ಲಿ ಒಬ್ಬ ಶತ್ರು ಜೊತೆಗಾರನ ಮೇಲೆ ಕತ್ತಿ ಬೀಸುತ್ತಾನೆ. ವೀರ ಪಕ್ಕಕ್ಕೆ ಹಾರಿಕೊಂಡರೆ ಜೊತೆಗಾರ ಬೀಳುತ್ತಾನೆ, ವೀರ ಒಬ್ಬನೇ ಬಾಗಿಲು ದಾಟುತ್ತಾನೆ, ಅಂಕ ಪೂರ್ತಿ ಉಳಿಯುತ್ತದೆ. ಪರೀಕ್ಷಕನೂ ಹಾರಿಕೊಳ್ಳಲು ಹೋದ. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ. ವೀರ ಜೊತೆಗಾರನ ಮುಂದೆ ಹೋಗಿ ನಿಂತುಬಿಟ್ಟ. ಕತ್ತಿ ಅವನ ಎದೆಗೆ ತಗುಲಿತು, ಅಂಕ ಅರ್ಧಕ್ಕೆ ಇಳಿಯಿತು, ಜೊತೆಗಾರ ಉಳಿದುಕೊಂಡ. ಬಿದ್ದ ವೀರ ಮೇಲೆದ್ದಾಗ ಅವನ ಎದೆಯ ಎಡಭಾಗದಲ್ಲಿ ಓರೆಯಾಗಿ ಒಂದು ಗೀರು ಇತ್ತು.

ಆಗ ಪರೀಕ್ಷಕನ ಗೊಂದಲ ಹರಿಯಿತು. ಒಂದೇ ಬಗೆಯ ಸಾವಿರ ಪೆಟ್ಟಿಗೆಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ರೂಪದ ಗೊಂಬೆಯನ್ನು ಹೇಳದೆ ಕೇಳದೆ ಸೇರಿಸಿಡುವುದು ಆ ಕಂಪನಿಗಳ ಪದ್ಧತಿ. ಅದು ಸಿಕ್ಕವನೇ ಪುಣ್ಯವಂತ. ಪರೀಕ್ಷಕ ಸಂಗ್ರಾಹಕನನ್ನು ಕರೆಸಿ, ಗೊಂಬೆ ಅಸಲಿ, ಗೀರೂ ಅಸಲಿ, ಇಂಥದ್ದು ಬಹಳ ಅಪರೂಪ, ಇದನ್ನು ಕೊಟ್ಟು ಸಾಧಾರಣದ್ದನ್ನು ಯಾವ ಕಳ್ಳನೂ ಇಟ್ಟುಕೊಳ್ಳುವುದಿಲ್ಲ ಎಂದ.

ಸಂಗ್ರಾಹಕನಿಗೆ ಸಂತೋಷವಾಗಬೇಕಿತ್ತು. ಅವನ ತಲೆ ಇನ್ನಷ್ಟು ಕೆಟ್ಟಿತು.

"ಆ ಆಟ ನನ್ನಷ್ಟು ಸಲ ಗೆದ್ದವರಿಲ್ಲ. ನನ್ನ ಕಣ್ಣಿಗೆ ಒಂದು ಸಲಾನೂ ಈ ಗೀರು ಬಿದ್ದಿಲ್ವಲ್ಲ?" ಎಂದ.

"ಜೊತೆಗಾರನಿಗೆ ಬೀಳೋ ಏಟಿಗೆ ಅಡ್ಡ ನಿಂತ್ರೆ ಮಾತ್ರ ಅದು ಬರೋದು" ಎಂದ ಪರೀಕ್ಷಕ.

ಸಂಗ್ರಾಹಕ ಅಲ್ಲಿಯೇ ಕುಳಿತುಕೊಂಡ. ಗೆಳೆಯ ಪ್ರತಿ ಸಲವೂ ಕೊನೆಯ ಬಾಗಿಲಲ್ಲಿ ಅಂಕ ಕಳೆದುಕೊಳ್ಳುತ್ತಿದ್ದದ್ದು ಏಕೆಂದು ಅವನಿಗೆ ಈಗ ತಿಳಿಯಿತು. ಗೆಳೆಯ ಆಡುವಾಗ ಇವನು ವೀರನನ್ನು ನೋಡಿದವನೇ ಅಲ್ಲ, ಪರದೆಯ ಮೂಲೆಯ ಅಂಕವನ್ನಷ್ಟೇ ನೋಡಿದವನು.

ಅವನು ನೇರ ಗೆಳೆಯನ ಮನೆಗೆ ಹೋಗಿ ತಪ್ಪಾಯಿತು ಎಂದ. ಗೆಳೆಯ ಪರವಾಗಿಲ್ಲ ಎಂದು ಕೂರಿಸಿ ಕಾಫಿ ಕೊಟ್ಟ. ಪರೀಕ್ಷಕ ಏನು ಹೇಳಿದ ಎಂದು ಕೇಳಲೂ ಇಲ್ಲ. ಇಬ್ಬರೂ ಈಗಲೂ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಆದರೆ ಆ ಗೆಳೆಯ ಮತ್ತೆಂದೂ ಸಂಗ್ರಾಹಕನ ಯಾವ ವಸ್ತುವನ್ನೂ ತನ್ನ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ಪರೀಕ್ಷಕ ಇದನ್ನು ಹೇಳುವಾಗ ನನಗೆ ಬಹಳ ಸಂಕಟವಾಯಿತು.

ಕತೆ ಮುಗಿಯಿತು.

"ಬುದ್ಧಿ, ಅಲ್ಲಿ ಗೊಂಬೆ ಇತ್ತು, ಪರೀಕ್ಷೆ ಮಾಡೋಕಾಯ್ತು. ಇಲ್ಲಿ ಗಿಂಡಿನೇ ಇಲ್ಲ. ಮರುಳಸಿದ್ಧ ಹೇಳ್ತಿರೋದು ನಿಜಾನೋ ಸುಳ್ಳೋ ನನಗಿನ್ನೂ ಗೊತ್ತಾಗ್ತಿಲ್ಲ" ಎಂದ ರೇವಣ್ಣ.

ತಮಗೂ ಗೊತ್ತಿಲ್ಲ ಎಂದು ಗುರುಗಳು ಒಪ್ಪಿಕೊಂಡರು. ಕನ್ನಡಕ ಹಾಕಿಕೊಂಡು ಅವನನ್ನು ನೇರವಾಗಿ ನೋಡಿದರು.

"ನಿನ್ನೆ ಊಟದ ಮನೇಲಿ ಎಲ್ಲರೂ ಅವನನ್ನ ಸುತ್ತುವರಿದಾಗ, ನೀನು ಎಲ್ಲಿ ನಿಂತಿದ್ದೆ ರೇವಣ್ಣ?"

ರೇವಣ್ಣ ನಿಂತಿದ್ದದ್ದು ಆ ಸುತ್ತುವರಿದವರ ನಡುವೆಯೇ.