ಮಾಚವ್ವ ಒಣಹಾಕಿದ ಚಾವಡಿ ಜಮಖಾನ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಏಳು ಗುಡ್ಡದ ಆಚೆ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಕೆಂಗಲ್ಲೂರು ಅಂತ ಒಂದು ಊರು. ಊರಿಗೊಂದು ಚಾವಡಿ, ಚಾವಡಿಗೆ ಐದು ಜನ ಹಿರಿಯರು, ಐವರ ಮೇಲೆ ಒಬ್ಬ ಯಜಮಾನ, ಬಸವಂತಪ್ಪ. ಅವನ ಮೀಸೆ ಎಷ್ಟು ಉದ್ದ ಅಂದ್ರೆ, ಮೊದಲು ಮೀಸೆ ತುದಿ ಬಂದು ಚಾವಡೀಲಿ ಕೂರ್ತಿತ್ತು, ಮಿಕ್ಕ ಆಳು ಆಮೇಲೆ ಬರ್ತಿದ್ದ.

ಚಾವಡೀಲಿ ಒಂದು ಕೆಂಪು ಜಮಖಾನ ಇತ್ತು. ಅಂಥಿಂಥ ಜಮಖಾನ ಅಲ್ಲ. ಮಡಚೋಕೆ ಹನ್ನೆರಡು ಆಳು ಬೇಕು, ಹೊರೋಕೆ ನಾಲ್ಕು ಕತ್ತೆ ಬೇಕು. ವರ್ಷಕ್ಕೊಂದು ಸಲ, ಮಳೆಗಾಲಕ್ಕೆ ಮುಂಚೆ, ಅದನ್ನ ಒಗೆಯೋ ಹಕ್ಕು ಮಡಿವಾಳರ ಮಾಚವ್ವನದು. ಅವಳ ಅತ್ತೆ ಒಗೀತಿದ್ಲು, ಅತ್ತೆಯ ಅತ್ತೆ ಒಗೀತಿದ್ಲು.

ಮಾಚವ್ವನ ಮನೆ ಊರ ಕೆಳಗಿನ ಬೀದೀಲಿ. ಊರಿನ ಕೊಳೆ ನೀರೆಲ್ಲಾ ಆ ಬೀದಿ ಚರಂಡೀಲಿ ಹರಿದು ಹಳ್ಳ ಸೇರ್ತಿತ್ತು. ಆ ವರ್ಷ ಬಸವಂತಪ್ಪನಿಗೆ ಸಂಜೆ ಗಾಳಿಗೆ ಕೂತು ಎಲೆ ಅಡಿಕೆ ಹಾಕ್ಕೊಳ್ಳೋಕೆ ಒಂದು ಕಲ್ಲುಕಟ್ಟೆ ಬೇಕು ಅನ್ನಿಸ್ತು. ಹಳ್ಳದ ದಂಡೇಲಿ, ಚರಂಡಿ ಬಾಯಿಗೆ ಸರಿಯಾಗಿ ಕಟ್ಟಿಸಿಬಿಟ್ಟ. ನೀರು ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಬಂತು.

ಆ ನಾತಕ್ಕೆ ಮೇಲೆ ಹಾರೋ ಕಾಗೆಗಳು ರೆಕ್ಕೇಲಿ ಮೂಗು ಮುಚ್ಕೊಳ್ಳೋಕೆ ಹೋಗಿ ದೊಪ್ ಅಂತ ಬೀಳ್ತಿದ್ವು. ಸೊಳ್ಳೆಗಳೋ, ಒಂದು ಬಂದು ಬೆನ್ನ ಮೇಲೆ ಕೂತ್ರೆ, ಹೊರೆ ಹೇರಿದ್ರು ಅಂತ ಕತ್ತೆ ಹೊರಟೇಬಿಡ್ತಿತ್ತು. ಎಳ್ಳಷ್ಟೂ ಸುಳ್ಳಲ್ಲ.

ಇದನ್ನೆಲ್ಲಾ ಮಾಚವ್ವ ತಡ್ಕೊಂಡ್ಲು. ತಡ್ಕೊಳ್ಳೋಕೆ ಆಗದೆ ಇದ್ದದ್ದು ಒಂದೇ, ಮನೆ ಗೋಡೆ. ಮಣ್ಣಿನ ಗೋಡೆ. ಬುಡ ನೆನೆದು ನೆನೆದು, ಬೆರಳಿಟ್ರೆ ಒಳಕ್ಕೆ ಹೋಗ್ತಿತ್ತು. ಇರೋದೇ ಒಂದು ಕೋಣೆ, ಗೋಡೆ ಮಗ್ಗುಲಲ್ಲೇ ಮೊಮ್ಮಗಳ ತೊಟ್ಟಿಲು. ಒಂದು ದೊಡ್ಡ ಮಳೆ ಬಿದ್ರೆ ಗೋಡೆ ತೊಟ್ಟಿಲ ಮೇಲೆ.

ಚಾವಡಿ ಕೂರೋದು ಸೋಮವಾರ. ಮೊದಲ ಸೋಮವಾರ ಮಾಚವ್ವ ಒಬ್ಬಳೇ ಹೋದ್ಲು.

"ಯಜಮಾನ್ರೆ, ನೀರು ಕಟ್ಕೊಂಡಿದೆ, ಗೋಡೆ ಬೀಳುತ್ತೆ."

ಬಸವಂತಪ್ಪ ಮೀಸೆ ನೀವಿದ. "ಒಬ್ಬಳೇ ಬಂದು ಹೇಳಿದ್ರೆ ಅದು ನಿನ್ನ ಮನೆ ಗೋಳಮ್ಮ. ಬೀದಿ ಜನ ಎಲ್ಲಾ ಬರ್ಲಿ, ನೋಡೋಣ."

ಎರಡನೇ ಸೋಮವಾರ ಬೀದಿ ಜನ ಎಲ್ಲಾ ಹೋದ್ರು. ಮಡಿವಾಳರು ಹೋದ್ರು, ಕುಂಬಾರರು ಹೋದ್ರು, ಕೋಲೂರಿಕೊಂಡು ಮುದುಕರೂ ಹೋದ್ರು.

"ಏನ್ರಯ್ಯಾ ಇದು, ದಂಡು ಬಂದಂಗೆ ಬಂದಿದೀರಿ? ಇದಕ್ಕೆ ಗಲಾಟೆ ಅಂತಾರೆ. ಯಾರಾದ್ರೂ ಒಬ್ರು ಬನ್ನಿ, ನೋಡೋಣ."

ವಾಪಸ್ ಬರ್ತಾ ಕುಂಬಾರ ಗಿಡ್ಡಯ್ಯ ಹೇಳಿದ, "ಅಕ್ಕಾ, ಸಾಕು ಬಿಡು. ಬೀದಿ ಬಿಟ್ಟು ಎಲ್ರೂ ಗುಡ್ಡ ಹತ್ತೋಣ."

"ಹತ್ತೋಣ. ಒಗೆಯೋಕೆ ನೀರು ನೀನು ಹೊತ್ತು ತರ್ತೀಯಾ?"



ಮೂರನೇ ಸೋಮವಾರ ಮತ್ತೆ ಅವಳೊಬ್ಬಳೇ ಹೋದ್ಲು. ಕೊಡದಲ್ಲಿ ಚರಂಡಿ ನೀರು, ಸೆರಗಲ್ಲಿ ಗೋಡೆಯ ಹಸಿ ಮಣ್ಣು.

ಬಸವಂತಪ್ಪ ಮುಖ ತಿರುಗಿಸಿದ. "ಕೊಡದ ನೀರು ನೋಡಿ ತೀರ್ಮಾನ ಹೇಳೋಕಾಗುತ್ತಾ? ಕಷ್ಟ ಇದ್ದ ಜಾಗದಲ್ಲೇ ಹಿರಿಯರು ಕಣ್ಣಾರೆ ಕಂಡ್ರೆ ಅದು ದೂರು. ಇಲ್ಲದಿದ್ರೆ ಬರೀ ಮಾತು."

"ಹಂಗಾದ್ರೆ ಒಂದು ಹೆಜ್ಜೆ ನಮ್ಮ ಬೀದಿಗೆ ಬನ್ನಿ ಯಜಮಾನ್ರೆ."

"ಚಾವಡಿ ಅಂದ್ರೆ ಈ ಗೋಡೆ, ಈ ಕಂಬ ಅಲ್ಲ ಕಣಮ್ಮ. ಈ ಜಮಖಾನ. ಇದು ಎಲ್ಲಿ ಹಾಸಿರುತ್ತೋ ಅಲ್ಲೇ ನಾವು ಕೂರಬೇಕು. ಕೂತ ಮೇಲೆ ದೂರು ತೀರದೆ ಏಳೋ ಹಂಗಿಲ್ಲ. ಒಂದು ಸೋಮವಾರ ತಪ್ಪಿದ್ರೂ ಯಜಮಾನನ ರುಮಾಲು ಇನ್ನೊಬ್ಬನ ತಲೆಗೆ. ನಮ್ಮ ಮುತ್ತಾತನ ಕಟ್ಟಳೆ. ನಿನಗೋಸ್ಕರ ಮುರೀಲಾ?"

"ಬ್ಯಾಡಿ. ಕಟ್ಟಳೆ ಮುರೀಬ್ಯಾಡಿ," ಅಂದ್ಲು ಮಾಚವ್ವ. "ಮಳೆಗಾಲ ಹತ್ತಿರ ಬಂತು. ಜಮಖಾನ ಒಗೆಯೋಕೆ ಕೊಡಿ."

ಕೊಟ್ರು. ನಾಲ್ಕು ಕತ್ತೆ ಹೊತ್ಕೊಂಡು ಹೋದ್ವು. ಮಾಚವ್ವ ಹಳ್ಳದ ಮೇಲ್ಗಡೆ ತಿಳಿನೀರಲ್ಲಿ ಒಗೆದ್ಲು. ಒಂದೊಂದು ಏಟು ಬಿದ್ದಾಗಲೂ ಏಳು ಗುಡ್ಡ ಮರುದನಿ ಕೊಟ್ವು. ಒಗೆದು ತಂದು ಕೆಳಗಿನ ಬೀದೀಲಿ, ಚರಂಡಿ ಪಕ್ಕಕ್ಕೇ, ಈ ತುದಿಯಿಂದ ಆ ತುದಿವರೆಗೂ ಹರಡಿದ್ಲು.

ಸೋಮವಾರ ಬಂತು. ಚಾವಡೀಲಿ ಬರೀ ನೆಲ. ಬಸವಂತಪ್ಪ ಹೇಳಿ ಕಳಿಸಿದ. ಮಾಚವ್ವ ಬಂದು ನಿಂತ್ಲು.

"ಒಣಗ್ತಾ ಇದೆ ಯಜಮಾನ್ರೆ. ಇನ್ನೂ ಎರಡು ದಿನ ಬೇಕು."

"ಊರಲ್ಲಿ ಬೇರೆ ಜಾಗ ಇರಲಿಲ್ವಾ ಒಣಹಾಕೋಕೆ?"

"ನಾನು ಒಗೆದದ್ದು ನನ್ನ ಬೀದೀಲಲ್ದೆ ಇನ್ನೆಲ್ಲಿ ಒಣಗಬೇಕು?"

ಹಿರಿಯರಲ್ಲೇ ಹಿರಿಯ ಓಂಕಾರಪ್ಪ ಕೋಲು ಹಿಡಿದು ಎದ್ದ. "ನಡೀರಿ ಬಸವಂತಪ್ಪ. ಜಮಖಾನ ಎಲ್ಲೋ ಚಾವಡಿ ಅಲ್ಲಿ. ಮೊನ್ನೆ ನೀವೇ ಹೇಳಿದ್ರಲ್ಲ. ಇಲ್ಲ ಅಂದ್ರೆ ರುಮಾಲು ಬಿಚ್ಚಿ ಕೊಡಿ."

ರುಮಾಲು ಯಾರು ಬಿಚ್ಚಿ ಕೊಡ್ತಾರೆ? ಬಸವಂತಪ್ಪ ನಡೆದ. ಹಿರಿಯರೂ ಬಂದು ಜಮಖಾನದ ಮೇಲೆ ಕೂತ್ರು, ಬೀದಿ ಜನ ಸುತ್ತ ನೆರೆದ್ರು. ಸೊಳ್ಳೆಗಳಿಗೆ ಹಬ್ಬ ಆಯ್ತು. ಹಿರಿಯರು ಚರಂಡಿ ಕಂಡ್ರು, ನೆನೆದ ಗೋಡೆ ಕಂಡ್ರು, ತೊಟ್ಟಿಲು ಕಂಡ್ರು. ಕೊನೆಗೆ, ಚರಂಡಿ ಬಾಯಲ್ಲಿ ಕಲ್ಲುಕಟ್ಟೇನೂ ಕಂಡ್ರು.

"ಯಜಮಾನ್ರೆ," ಮಾಚವ್ವ ಕೇಳಿದ್ಲು, "ಒಬ್ಬಳೇ ಹೇಳ್ಲಾ, ಬೀದಿ ಜನ ಎಲ್ಲಾ ಹೇಳಬೇಕಾ?"

"ಕಂಡಾಯ್ತಲ್ಲ. ಮುಂದಿನ ವಾರ ನೋಡೋಣ," ಅಂತ ಬಸವಂತಪ್ಪ ಎದ್ದ.

"ಕೂತ್ಕೊಳ್ಳಿ," ಅಂದ ಓಂಕಾರಪ್ಪ. "ಕಣ್ಣಾರೆ ಕಂಡ ಮೇಲೆ ಇದು ದೂರು. ತೀರದೆ ಏಳೋ ಹಂಗಿಲ್ಲ."

ಅಷ್ಟರಲ್ಲಿ ಮಧ್ಯಾಹ್ನದ ಊಟ ಮುಗೀತು. ಊರಿನ ಅಷ್ಟೂ ಮನೆಗಳ ಪಾತ್ರೆ ತೊಳೆದ ನೀರು ಇಳಿದು ಬಂತು. ಮೊದಲು ಜಮಖಾನದ ಅಂಚು ನೆನೀತು. ಆಮೇಲೆ ಹಿರಿಯರ ಪಂಚೆ ನೆನೀತು. ಆಮೇಲೆ ಯಜಮಾನನ ಮೀಸೆ ತುದಿ ನೆಂದು, ಎರಡು ಕಡೆಗೂ ಒಂದೊಂದು ಅನ್ನದಗುಳು ಅಂಟ್ಕೊಂತು.

ಬಸವಂತಪ್ಪ ಮೀಸೆ ಎತ್ತಿ ನೋಡಿದ. ಗೋಡೆ ಕಡೆ ನೋಡಿದ. ತೊಟ್ಟಿಲಲ್ಲಿ ಮಗು ಕಾಲು ಆಡಿಸ್ತಿತ್ತು.

"ಕಟ್ಟೆ ಒಡೀರಿ," ಅಂದ, ಮೆಲ್ಲಗೆ.

"ಇನ್ನೊಂದು ಸಲ ಹೇಳಿ ಯಜಮಾನ್ರೆ," ಅಂದ ಗಿಡ್ಡಯ್ಯ. "ಹಿಂದೆ ನಿಂತಿರೋ ಮುದುಕರಿಗೆ ಕೇಳಿಸಲಿಲ್ವಂತೆ."

"ಒಡೀರಿ ಅಂದೆನಲ್ಲಯ್ಯಾ. ನಡೀರಿ, ಮೊದಲ ಕಲ್ಲು ನಾನೇ ಕೀಳ್ತೀನಿ."

ಕಿತ್ತ. ನೀರು ಎಂಥಾ ವೇಗದಲ್ಲಿ ಹೋಯ್ತು ಅಂದ್ರೆ, ಹಳ್ಳದ ಮೀನುಗಳು ದಂಡೆ ಹತ್ತಿ ದಾರಿ ಬಿಟ್ಟು ನಿಂತ್ವು. ಬೀದಿ ಜನ ಗೋಡೆ ಬುಡಕ್ಕೆ ಕಲ್ಲು ಕೊಟ್ರು, ಹೊಸ ಮಣ್ಣು ಮೆತ್ತಿದ್ರು. ಮಾಚವ್ವ ಜಮಖಾನ ಇನ್ನೊಂದು ಸಲ ಒಗೆದ್ಲು, ಗೊಣಗಲಿಲ್ಲ. ಎಂಟನೇ ದಿನ ಮಳೆ ಬಂತು, ಮೂರು ಹಗಲು ಸುರೀತು. ಗೋಡೆ ನಿಂತಿತ್ತು. ಮಗು ನಿದ್ದೆ ಮಾಡ್ತಿತ್ತು.

ಇದರಿಂದ ತಿಳಿಯೋದು ಇಷ್ಟು. ಊರಿನ ಕಷ್ಟಕ್ಕೆ ತೀರ್ಮಾನ ಹೇಳೋ ಮನುಷ್ಯ ಆ ಕಷ್ಟದ ಮಗ್ಗುಲಲ್ಲಿ ಒಂದು ಹೊತ್ತು ಕೂತು ನೋಡಬೇಕು. ಕಷ್ಟ ಇರೋರು, ಮೂರು ಸಲ ವಾಪಸ್ ಕಳಿಸಿದ್ರೂ, ನಾಲ್ಕನೇ ಸಲಕ್ಕೆ ಬೇಸರ ಮಾಡ್ಕೋಬಾರದು. ಕೇಳಿದೋರ ಮನೆ ಗೋಡೆ ಗಟ್ಟಿಯಾಗಿರಲಿ.